ಸೇತುವೆಯ ಮೇಲೆ ಹೆಜ್ಜೆ ಮುರಿದಾಗ

ಹದಿನೇಳನೆಯ ನಂಬರಿನವಳು ಸರಿಯಾಗಿ ನಡೆಯುತ್ತಿದ್ದಳು. ಹದಿನೆಂಟರ ಬೆನ್ನಚೀಲ ಎಡಕ್ಕೆ ಜಾರಿತ್ತು, ಅದಕ್ಕೇ ಬಲಭುಜ ಮೇಲೆದ್ದಿತ್ತು. ಅದು ಕಾಲಿನ ತಪ್ಪಲ್ಲ, ಪಟ್ಟಿಯ ತಪ್ಪು. ಹತ್ತೊಂಬತ್ತು ತಲೆ ಹೊರಳಿಸಿಕೊಂಡು ಪಕ್ಕದವಳ ಜೊತೆ ಏನೋ ಹರಟುತ್ತ ಬರುತ್ತಿದ್ದಳು. ಹರಟುವವರಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ಮೂವರನ್ನೂ ಬಿಟ್ಟು, ತೆರೆಯ ಮುಂದೆ ಕೂತಿದ್ದ ಅವಳು ವಿಡಿಯೋವನ್ನು ಮುಂದಕ್ಕೆ ಸರಿಸಿದಳು.

ದೈಹಿಕ ತರಬೇತಿಯ ಮುಖ್ಯ ಕಚೇರಿಯಲ್ಲಿ ಅವಳ ಕೋಣೆ ಎರಡನೆಯ ಮಹಡಿಯ ಕೊನೆಯಲ್ಲಿತ್ತು. ಹಿಂದೆ ಅಲ್ಲಿ ಚೆಂಡು, ಬಲೆ, ಚಾಪೆಗಳನ್ನು ತುಂಬಿಡುತ್ತಿದ್ದರಂತೆ. ಸುಣ್ಣ ಹೊಡೆದು ವರ್ಷಗಳಾದರೂ ಬಿಸಿಲೇರಿದಾಗ ಗೋಡೆಯಿಂದ ರಬ್ಬರಿನ ವಾಸನೆ ಬರುತ್ತಿತ್ತು. ಕಿಟಕಿಯ ಕೆಳಗೆ ಮೈದಾನ, ಬೆಳಗಿನಿಂದ ಸಂಜೆಯವರೆಗೆ ಸೀಟಿ. ಅವಳು ಸಮವಸ್ತ್ರದವಳಲ್ಲ. ಬಾಗಿಲ ಮೇಲೆ ‘ತರಬೇತಿ ವಿಶ್ಲೇಷಕಿ’ ಎಂದು ಬರೆದಿತ್ತು. ಓಡುವವರು ಓಡುತ್ತಿದ್ದರು, ಓಡಿಸುವವರು ಓಡಿಸುತ್ತಿದ್ದರು, ಅವಳು ಕೂತು ನೋಡುತ್ತಿದ್ದಳು. ಯಾರ ಮೂಳೆ ಸೋಲುತ್ತಿದೆ, ಯಾವ ವಾರ ಭಾರ ಹೆಚ್ಚಾಯಿತು, ಯಾವ ತುಕಡಿಯಲ್ಲಿ ಮಂಡಿನೋವು ಜಾಸ್ತಿ ಎಂದು ಹೇಳುವುದು ಅವಳ ಕೆಲಸ. ಅಕ್ಕ ತನ್ನ ಹೊಲಿಗೆ ಅಂಗಡಿಯ ಗಿರಾಕಿಗಳಿಗೆ ಇದನ್ನೇ ಚಿಕ್ಕದಾಗಿ, “ನನ್ನ ತಂಗಿ ಸೈನ್ಯದಲ್ಲಿ ಕಾಲು ನೋಡೋ ಕೆಲಸದಲ್ಲಿದ್ದಾಳೆ” ಎನ್ನುತ್ತಿದ್ದಳು. ಕೇಳಿದವರು ಪಾದದ ಡಾಕ್ಟರು ಎಂದುಕೊಂಡು ಆಣಿಗೆ ಔಷಧಿ ಕೇಳುವುದೂ ಇತ್ತು.

ವಿಡಿಯೋ ಕಾಲುವೆಯ ಮೇಲಿನ ಕಬ್ಬಿಣದ ಸೇತುವೆಯದು. ಬೆನ್ನಿಗೆ ಭಾರ ಹೊತ್ತು ನಡೆಯುವ ದೂರದ ಮಾರ್ಚಿನ ದಾರಿಯಲ್ಲಿ ಆ ಸೇತುವೆ ಬರುತ್ತದೆ. ಎಲ್ಲರೂ ಒಂದೇ ತಾಳದಲ್ಲಿ ಕಾಲು ಹಾಕಿದರೆ ಸೇತುವೆ ತೂಗಾಡಲು ಶುರುವಾಗುತ್ತದೆಂದು ಅಲ್ಲಿಗೆ ಬಂದ ಕೂಡಲೆ ಸಾರ್ಜೆಂಟ್ “ಹೆಜ್ಜೆ ಮುರಿ” ಎಂದು ಕೂಗುತ್ತಾನೆ. ಅಷ್ಟುದ್ದ ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ನಡಿಗೆಯಲ್ಲಿ ನಡೆಯಬೇಕು. ಆಚೆ ದಡಕ್ಕೆ ಕಾಲಿಟ್ಟ ಮೇಲೆ ಮತ್ತೆ ಎಡ, ಬಲ, ಎಡ, ಬಲ.

ಅಲ್ಲಿ ಕ್ಯಾಮೆರಾ ಇಡೋಣ ಎಂದು ಹೇಳಿದವಳು ಅವಳೇ. ಅಲ್ಲಿಯವರೆಗೆ ಎಲ್ಲ ಕ್ಯಾಮೆರಾಗಳೂ ಪೆರೇಡ್ ಮೈದಾನದಲ್ಲಿದ್ದವು. ಅವಳ ಮೇಲಧಿಕಾರಿ ಮೇಜರ್ ಕುತ್ತಿಗೆಯ ಸೀಟಿಯನ್ನು ಊಟಕ್ಕೆ ಕೂತಾಗಲೂ ತೆಗೆಯದವರು. ಅಂದು ನಕ್ಕುಬಿಟ್ಟಿದ್ದರು.

“ಸೈನಿಕರು ಸೈನಿಕರ ಹಾಗೆ ನಡೆಯದೇ ಇರೋ ಜಾಗ ಅದೊಂದೇ ಮೇಡಂ. ಅಲ್ಲೇ ಹೋಗಿ ಕ್ಯಾಮೆರಾ ಇಡ್ತೀರಾ?”

“ಅದಕ್ಕೇ ಸರ್” ಎಂದಿದ್ದಳು.

ಸಾಲಿನಲ್ಲಿದ್ದಾಗ ಡೋಲು ನಡೆಸುತ್ತದೆ. ಮುಂದಿನವಳ ಬೆನ್ನು ಎಳೆಯುತ್ತದೆ, ಹಿಂದಿನವಳ ಬೂಟು ತಳ್ಳುತ್ತದೆ. ಸೋತ ಕಾಲೂ ಗಟ್ಟಿ ಕಾಲುಗಳ ನಡುವೆ ಬಚ್ಚಿಟ್ಟುಕೊಂಡು ಸಾಗುತ್ತದೆ. ಸೇತುವೆಯ ಮೇಲೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಅಲ್ಲಿ ಅವಳು ಗುರುತು ಹಾಕಿದ ನಂಬರುಗಳಲ್ಲಿ ಹೆಚ್ಚಿನವು ಡಾಕ್ಟರ ಕೋಣೆಯಲ್ಲೂ ನಿಜವಾದ ಮೇಲೆ ಮೇಜರ್ ನಗುವುದನ್ನು ಬಿಟ್ಟಿದ್ದರು.

ಮುಖಗಳ ಮೇಲೆ ಬೂದು ಬಣ್ಣದ ಚೌಕವಿತ್ತು. ಅದು ನಿಯಮ. ಹೆಸರು ಅವಳಿಗೆ ಬರುತ್ತಿರಲಿಲ್ಲ, ತೊಡೆಗೆ ಕಟ್ಟಿದ ಬಟ್ಟೆಯ ನಂಬರು ಮಾತ್ರ. ನೋಡುವವರಿಗೆ ಮುಖದಾಕ್ಷಿಣ್ಯ ಇರಬಾರದೆಂದು ಹಾಗೆ. ಅವಳಿಗೂ ಅದೇ ಹಿತವಾಗಿತ್ತು. ಕಣ್ಣೀರು, ಕೋಪ, ಬೇಡಿಕೊಳ್ಳುವುದು ಎಲ್ಲ ಮುಖದಲ್ಲಿರುತ್ತದೆ, ಕಾಲಿನಲ್ಲಿರುವುದಿಲ್ಲ.

ಮೂವತ್ತೊಂದನೆಯ ನಂಬರು ಸೇತುವೆಯ ಆ ತುದಿಯಲ್ಲಿ ಕಾಣಿಸಿಕೊಂಡಿತು. ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಅವಳ ಕೈ ತಾನಾಗಿ ವಿಡಿಯೋವನ್ನು ನಿಲ್ಲಿಸಿತ್ತು.

ಎಡಪಾದ ನೆಲ ಬಿಡುವ ಮುಂಚೆ ಒಂದಿಷ್ಟು ಹೊರಕ್ಕೆ ಒದೆಯುತ್ತಿತ್ತು, ಬಾಗಿಲನ್ನು ಕಾಲಿನಿಂದ ಮುಚ್ಚುವವರ ಹಾಗೆ. ಅವಳ ಅಮ್ಮ ಹಾಗೆ ನಡೆಯುತ್ತಿದ್ದಳು. ಅಕ್ಕ ಹಾಗೆ ನಡೆಯುತ್ತಾಳೆ. ಕನ್ನಡಿ ಹಾಕಿದ ಅಂಗಡಿಗಳ ಮುಂದೆ ಹಾದುಹೋಗುವಾಗ ತಾನೂ ಹಾಗೇ ನಡೆಯುವುದನ್ನು ಅವಳು ನೋಡಿದ್ದಳು. ಆ ಒದೆತಕ್ಕೆ ಅಂಚು ಸವೆಯದಿರಲೆಂದು ಮಗಳ ಪ್ಯಾಂಟಿನ ಎಡಗಾಲನ್ನು ಅಕ್ಕ ಯಾವಾಗಲೂ ಒಂದು ಎಳೆ ಹೆಚ್ಚು ಮಡಿಚಿ ಹೊಲಿಯುತ್ತಿದ್ದಳು. ಮುಖಕ್ಕೆ ಬೂದು ಚೌಕ ಹಾಕಿದವರಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು?

ಅವಳು ಗುಬ್ಬಿ. ಅಕ್ಕನ ಒಬ್ಬಳೇ ಮಗಳು.

ನಿಲ್ಲಿಸಿದ್ದನ್ನು ಮತ್ತೆ ಓಡಿಸಿದಳು. ಮನೆತನದ ನಡಿಗೆಯ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಎಡಗಾಲಿನ ಮೇಲೆ ನಿಲ್ಲುವ ಹೊತ್ತು ಕಡಿಮೆ. ನಿಂತಾಗ ಇಡೀ ಮೈ ಎಡಕ್ಕೇ ವಾಲುತ್ತಿತ್ತು, ಸೊಂಟದ ಕೀಲಿನ ಮೇಲೆ ಭಾರ ಬೀಳದ ಹಾಗೆ. ಪಾದದ ಗುಳ್ಳೆ ಹೀಗೆ ವಾಲಿಸುವುದಿಲ್ಲ, ಮಂಡಿಯೂ ಅಲ್ಲ. ಸೊಂಟಕ್ಕೆ ಸೇರುವಲ್ಲಿ, ತೊಡೆಮೂಳೆಯ ಕತ್ತಿನಲ್ಲಿ ಬಿರುಕು ಶುರುವಾದವರು ಹೀಗೆ ನಡೆಯುತ್ತಾರೆ. ಸೇತುವೆ ಮುಗಿಯಿತು. ಮೂವತ್ತೊಂದು ಸಾಲಿಗೆ ಸೇರಿಕೊಂಡಿತು, ಕುಂಟು ಮಾಯವಾಯಿತು.

ಬಾಗಿಲು ತಟ್ಟದೆ ಸಾರ್ಜೆಂಟ್ ಒಳಗೆ ಬಂದ. ನಿಂತಲ್ಲಿ ನಿಲ್ಲಲಾರದೆ ಸದಾ ಹಿಮ್ಮಡಿಯ ಮೇಲೆ ಪುಟಿಯುತ್ತಿದ್ದ ಅವನನ್ನು ಕಚೇರಿಯೆಲ್ಲ ಸ್ಪ್ರಿಂಗ್ ಎಂದೇ ಕರೆಯುತ್ತಿತ್ತು.

“ಏನ್ ಮೇಡಂ, ಯಾರಾದ್ರೂ ಸಿಕ್ಕಿಬಿದ್ರಾ?”

“ಇನ್ನೂ ಅರ್ಧ ಇದೆ.”

“ಸೋಮವಾರ ಬೆಳಿಗ್ಗೆ ನಂಬರುಗಳು ಮೇಜರ್ ಮೇಜಿನ ಮೇಲಿರ್ಬೇಕಂತೆ. ಬುಧವಾರ ಕೊನೇ ಮಾರ್ಚು. ಈ ಸಲ ಸ್ವಲ್ಪ ಕಣ್ಣು ಮುಚ್ಕೊಂಡು ನೋಡಿ ಮೇಡಂ. ನೀವಿಲ್ಲಿ ನಂಬರು ಬರೀತೀರಾ, ಆ ನಂಬರು ಅಳ್ತಾ ಪೆಟ್ಟಿಗೆ ಕಟ್ಟೋವಾಗ ಅಲ್ಲಿ ಕಂಬದ ಹಾಗೆ ನಿಂತಿರ್ಬೇಕಾದವನು ನಾನು.”

“ನೀನು ಕಂಬದ ಹಾಗೆ ನಿಲ್ತೀಯಾ?”

“ಆವತ್ತು ಮಾತ್ರ ನಿಲ್ತೀನಿ ಮೇಡಂ” ಎಂದು ಪುಟಿಯುತ್ತ ಹೋದ.

ಅವನು ಹೇಳಿದ್ದು ಸುಳ್ಳಲ್ಲ. ಗುರುತು ಹಾಕಿದವರನ್ನು ಅಂದೇ ಡಾಕ್ಟರು ನೋಡುತ್ತಾರೆ. ಬಿರುಕಿದ್ದರೆ ನೆಲಕ್ಕೆ ಕಾಲೂರುವಂತಿಲ್ಲ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ತಂಡ ಮುಂದೆ ಹೋಗಿರುತ್ತದೆ. ಒಂದು ಸಲ ಹಿಂದಿನ ತಂಡಕ್ಕೆ ಜಾರಲು ಅವಕಾಶವಿದೆ. ಎರಡನೆಯ ಸಲ ಇಲ್ಲ, ನೇರ ಮನೆಗೆ. ಗುಬ್ಬಿ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿಕೊಂಡು ಆಸ್ಪತ್ರೆ ಸೇರಿದಾಗಲೇ ಒಮ್ಮೆ ಜಾರಿದ್ದಳು. ಮತ್ತೆ ಅರ್ಜಿ ಹಾಕುತ್ತೇನೆಂದರೆ ವಯಸ್ಸು ಮೀರುತ್ತದೆ.

ಇನ್ನೊಂದು ಕಡೆಯೂ ಅವಳಿಗೆ ಗೊತ್ತಿತ್ತು. ಅದು ಕೆಳಗಿನ ಮಹಡಿಯಲ್ಲಿ ಟೆಲಿಫೋನು ಬೋರ್ಡಿನ ಮುಂದೆ ಕೂರುತ್ತಿತ್ತು. ಕೋಲು ಹಿಡಿದು ಓಡಾಡುವ ಆ ಹೆಂಗಸು ಒಂದು ಕಾಲದಲ್ಲಿ ತನ್ನ ತಂಡದಲ್ಲೇ ಜೋರಾಗಿ ಓಡುತ್ತಿದ್ದವಳು. ಕೊನೆಯ ಮಾರ್ಚಿನ ದಿನ, ಮುಗಿಯುವ ಗೆರೆ ಕಣ್ಣಿಗೆ ಕಾಣುವ ಜಾಗದಲ್ಲಿ, ತೊಡೆಯ ಮೂಳೆ ಮುರಿದು ಜರುಗಿತು. ಎರಡು ಸಲ ಕೊಯ್ದರೂ ಕಾಲು ಗಿಡ್ಡವಾಗಿಯೇ ಉಳಿಯಿತು. ಇಲಾಖೆ ಕೂರುವ ಕೆಲಸ ಕೊಟ್ಟಿತು. “ಒಂದು ಗಳಿಗೇಲಿ ಮುರೀತು ಅಂತ ಎಲ್ಲರೂ ಅಂತಾರೆ,” ಮೇಜರ್ ಒಮ್ಮೆ ಅಂದಿದ್ದರು, “ಎಷ್ಟೋ ವಾರದಿಂದ ಮುರೀತಾನೇ ಇತ್ತು. ನೋಡೋರು ಇರಲಿಲ್ಲ.”

ಅವಳು ಮೂವತ್ತೊಂದರ ಮುಂದಿನ ಜಾಗವನ್ನು ಖಾಲಿ ಬಿಟ್ಟು ಮೂವತ್ತೆರಡಕ್ಕೆ ಹೋದಳು. ಮೂವತ್ತೆರಡು ಸರಿಯಾಗಿ ನಡೆಯುತ್ತಿದ್ದಳು.

*

ಭಾನುವಾರ ಭೇಟಿಯ ಹೊತ್ತಿಗೆ ಬಿಸ್ಕತ್ತಿನ ಡಬ್ಬಿ ಹಿಡಿದು ತರಬೇತಿ ಶಿಬಿರಕ್ಕೆ ಹೋದಳು. ತಗಡಿನ ಮಾಡಿನ ಕೆಳಗೆ ಉದ್ದನೆಯ ಬೆಂಚುಗಳು, ಪ್ರತಿ ಬೆಂಚಿನಲ್ಲೂ ಒಂದು ಮನೆಯವರು. ಗುಬ್ಬಿ ಓಡಿ ಬರಲಿಲ್ಲ. ಕೈ ಬೀಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಒಳಗೊಳಗೇ ತಾಳ ಎಣಿಸಿಕೊಂಡು ಬಂದಳು.

“ಏನೇ ಇದು, ಚಿಕ್ಕಮ್ಮನ ಮುಂದೇನೂ ಪೆರೇಡಾ?”

“ಅಭ್ಯಾಸ ಆಗೋಗಿದೆ. ಬಚ್ಚಲಿಗೂ ಹೀಗೇ ಹೋಗ್ತೀನಿ. ಅಮ್ಮ ಯಾಕೆ ಬರಲಿಲ್ಲ?”

“ಮದುವೆ ಮನೆಯವರ ಬಟ್ಟೆ ಇದೆಯಂತೆ. ನಿನ್ನ ತರಬೇತಿ ಮುಗಿಯೋ ಪೆರೇಡಿಗೆ ರಜೆ ಮಾಡ್ಬೇಕಲ್ಲ, ಈಗಲೇ ಮುಗಿಸ್ತಿದ್ದಾಳೆ.”

ಗುಬ್ಬಿ ಡಬ್ಬಿ ತೆಗೆದು ಎರಡು ಬಿಸ್ಕತ್ತನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಕೆನ್ನೆ ಒಳಗೆ ಹೋಗಿತ್ತು. ಬಿಸಿಲಿಗೆ ಕಪ್ಪಾದ ಮೂಗಿನ ತುದಿಯಲ್ಲಿ ಸಿಪ್ಪೆ ಏಳುತ್ತಿತ್ತು. ಬೂದು ಚೌಕವಿಲ್ಲದ ಆ ಮುಖವನ್ನು ಅವಳು ತುಸು ಹೊತ್ತು ನೋಡಿದಳು.

“ಎಡಗಾಲಿಗೆ ಏನಾಗಿದೆ?”

ಅಗಿಯುವುದು ನಿಂತಿತು. “ಏನಾಗಿದೆ? ಏನಿಲ್ಲ. ಬೂಟು ಹೊಸದು.”

“ಬೂಟು ಕಚ್ಚಿದ್ರೆ ಕುಂಟು ಪಾದದಿಂದ ಬರತ್ತೆ. ನಿಂದು ಸೊಂಟದಿಂದ ಬರ್ತಿದೆ.”

“ಅಬ್ಬಬ್ಬಾ! ಭಾನುವಾರಾನೂ ಆಫೀಸು ಹೊತ್ಕೊಂಡು ಬಂದಿದ್ದೀಯಲ್ಲ ಚಿಕ್ಕಮ್ಮ.”

“ಏಳು. ಒಂಟಿ ಕಾಲಲ್ಲಿ ಕುಪ್ಪಳಿಸು.”

“ಇಲ್ಲೇನಾ? ಇಷ್ಟು ಜನರ ಮುಂದೆ? ಕುಂಟೆಬಿಲ್ಲೆ ಆಡೋ ವಯಸ್ಸಾ ನಂದು?”

“ಏಳು ಅಂದೆ.”

ಗುಬ್ಬಿ ಎದ್ದು ಬಲಗಾಲಿನ ಮೇಲೆ ಮೂರು ಸಲ ಕುಪ್ಪಳಿಸಿದಳು, ಹಗುರವಾಗಿ, ಹೆಸರಿಗೆ ತಕ್ಕ ಹಾಗೆ. ಪಕ್ಕದ ಬೆಂಚಿನ ಅಜ್ಜಿಯೊಬ್ಬರು ನಕ್ಕರು. “ನೋಡಿದ್ಯಾ?” ಎಂದಳು ಗುಬ್ಬಿ.

“ಈಗ ಇನ್ನೊಂದು ಕಾಲು.”

ಗುಬ್ಬಿ ಎರಡೂ ಕಾಲಿನ ಮೇಲೆ ನಿಂತಳು. ಆ ಅಜ್ಜಿಯ ಕಡೆ ನೋಡಿ ತಾನೂ ನಕ್ಕಳು. ಆಮೇಲೆ ಬೆಂಚಿಗೆ ಮೊದಲು ಕೈ ಕೊಟ್ಟು, ನಿಧಾನವಾಗಿ, ಕೂತಳು.

“ರಾತ್ರಿ ಮಲಗಿದ್ದಾಗಲೂ ನೋಯತ್ತಾ?”

ಗುಬ್ಬಿ ಅಂಗಿಯ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿಯನ್ನು ಕೊಡವಿದಳು.

“ಮಾತ್ರೆ ನುಂಗ್ತಿದ್ದೀಯಾ?”

“ಎಲ್ಲರೂ ನುಂಗ್ತಾರೆ.” ಗುಬ್ಬಿಯ ದನಿ ತಗ್ಗಿತು. “ನಿಂಗೆ ಹೇಗೆ ಗೊತ್ತಾಯ್ತು?”

“ಸೇತುವೆ ಮೇಲೆ.”

“ಛೇ. ಸಾಲಲ್ಲಿ ಎಷ್ಟು ಚೆನ್ನಾಗಿ ಬರ್ತಿದ್ದೆ ಗೊತ್ತಾ? ನೀನೇ ಒಂದಿನ ಊಟ ಮಾಡ್ತಾ ಹೇಳಿದ್ಯಲ್ಲ, ಸಾಲಲ್ಲಿದ್ದಾಗ ಯಾರ ಕಾಲೂ ಯಾರಿಗೂ ಕಾಣಲ್ಲ ಅಂತ. ಅದನ್ನೇ ಹಿಡ್ಕೊಂಡಿದ್ದೆ. ಆ ಹಾಳು ಸೇತುವೆ ಬಂದಾಗ ಇನ್ನೊಂದೇ ಚೂರು ದೂರ ಅಂತ ಮೈ ಬಿಟ್ಟುಬಿಟ್ಟೆ.”

ಅವಳಿಗೆ ಆ ಊಟ ನೆನಪಿರಲಿಲ್ಲ. ಹೇಳಿದ್ದಿರಬಹುದು. ಮನೆಯಲ್ಲಿ ಕೆಲಸದ ವಿಷಯ ಆಡುವಾಗ ಕೇಳುವ ಕಿವಿ ಯಾವುದೆಂದು ಯಾರು ನೋಡುತ್ತಾರೆ?

“ನಾಳೆ ಬೆಳಿಗ್ಗೆ ನೀನಾಗೇ ಡಾಕ್ಟರ ಹತ್ರ ಹೋಗು.”

“ಬುಧವಾರ ಮುಗೀಲಿ. ಗುರುವಾರ ನಾನೇ ಹೋಗ್ತೀನಿ. ನಿನ್ನಾಣೆ.”

“ನನ್ನ ಮೇಲೆ ಯಾಕೆ ಆಣೆ ಹಾಕ್ತೀಯ? ನಿನ್ನ ಕಾಲಿನ ಮೇಲೆ ಹಾಕು.”

ಗುಬ್ಬಿ ನಗಲಿಲ್ಲ. “ಈಗ ಹೋದ್ರೆ ಮನೆಗೆ ಕಳಿಸ್ತಾರೆ. ನಿಂಗೇ ಗೊತ್ತು. ಆಮೇಲೆ ನಾನು ಆ ಅಂಗಡೀಲಿ ಕೂತು ಕಾಜಾ ಹೊಲೀಬೇಕು.”

“ನಿಮ್ಮಮ್ಮ ಕಾಜಾ ಹೊಲಿದೇ ನಿನ್ನ ಸಾಕಿದ್ದು.”

“ಅದಕ್ಕೇ ಹೇಳ್ತಿರೋದು. ಅಮ್ಮನ್ನ ದಿನಾ ನೋಡಿದೀನಿ ನಾನು.” ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳವನ್ನು ತಿರುಗಿಸಿದಳು. “ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ನೀನೊಬ್ಬಳೇನಾ?”

“ನಾನೊಬ್ಬಳೇ.”

“ಹಾಗಾದ್ರೆ ಸರಿ” ಎಂದಳು ಗುಬ್ಬಿ. ಬಿಗಿದಿದ್ದ ಹೆಗಲು ಸಡಿಲವಾಯಿತು. ಮತ್ತೆರಡು ಬಿಸ್ಕತ್ತು ತೆಗೆದು, ಒಂದನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಅಡುಗೆಮನೆಯ ಮುಖ್ಯಸ್ಥ ಎಷ್ಟು ಜುಗ್ಗನೆಂದು ಹೇಳತೊಡಗಿದಳು. ಮಜ್ಜಿಗೆಯಲ್ಲಿ ನೀರಲ್ಲ, ನೀರಿನಲ್ಲಿ ಮಜ್ಜಿಗೆಯ ನೆನಪು ಇರುತ್ತದಂತೆ. ಅವಳು ಕೇಳಿದಳು, ನಗಬೇಕಾದಲ್ಲಿ ನಕ್ಕಳು. ‘ಹಾಗಾದ್ರೆ ಸರಿ’ ಎಂಬ ಮಾತನ್ನು ತಿದ್ದಲಿಲ್ಲ. ಭೇಟಿ ಮುಗಿಯುವ ಗಂಟೆ ಹೊಡೆಯಿತು. ಗುಬ್ಬಿ ಬಂದ ಹಾಗೆಯೇ ಕೈ ಬೀಸಿಕೊಂಡು ಹೋದಳು. ನೆಟ್ಟಗಿದ್ದಳು. ಗೊತ್ತಿಲ್ಲದವರಿಗೆ ಏನೂ ಕಾಣುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ಲೆಕ್ಕ ಹಾಕಿದಳು, ಕಚೇರಿಯಲ್ಲಿ ಹಾಕುವ ಹಾಗೆಯೇ. ಇಂಥ ನಡಿಗೆಯವರೆಲ್ಲರಿಗೂ ಮೂಳೆ ಮುರಿಯುವುದಿಲ್ಲ. ಕೆಲವರು ಮಾರ್ಚು ಮುಗಿಸುತ್ತಾರೆ, ಗುರುವಾರ ಡಾಕ್ಟರ ಹತ್ತಿರ ಹೋಗುತ್ತಾರೆ, ವಾಸಿಯಾಗುತ್ತಾರೆ. ಮುರಿದವರದು ಬೇರೆ ಕಥೆ. ಯಾರು ಯಾವ ಕಡೆ ಬೀಳುತ್ತಾರೆಂದು ವಿಡಿಯೋ ಹೇಳುವುದಿಲ್ಲ. ಬೇರೆ ಯಾವ ನಂಬರಾಗಿದ್ದರೂ ಈ ಲೆಕ್ಕವನ್ನೇ ಹಾಕುತ್ತಿರಲಿಲ್ಲ ಎಂಬುದೂ ಅವಳಿಗೆ ಹೊಳೆಯಿತು.

ಮೇಜರ್ ಹತ್ತಿರ ಹೋಗಿ, ಇವಳು ನಮ್ಮ ಹುಡುಗಿ, ಈ ವಿಡಿಯೋ ಬೇರೆಯವರು ನೋಡಲಿ ಎನ್ನಬಹುದಿತ್ತು. ನಿಯಮವೂ ಹಾಗೇ ಹೇಳುತ್ತದೆ. ಆಗ ಸ್ಪ್ರಿಂಗ್ ನೋಡುತ್ತಾನೆ. ಕಣ್ಣು ಮುಚ್ಚಿಕೊಂಡು ನೋಡಿ ಎನ್ನುವವನು ಮೂವತ್ತೊಂದರಲ್ಲಿ ಏನು ಕಂಡಾನು? ಚೀಲ ಭಾರವಾಗಿದೆ ಎಂದಾನು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮುರಿದರೆ ಮೂಳೆ ಮುರಿಯಬಹುದು, ಅದಕ್ಕೆ ಅವಳು ಹೊಣೆಯಲ್ಲ.

*

ಅಕ್ಕನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಮೆಷಿನ್ನಿನ ಸದ್ದು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅಕ್ಕ ಮಾತಾಡಿದಳು.

“ಬಂದ್ಯಾ? ಬಾ, ಇಲ್ಲಿ ನಿಲ್ಲು. ಕೈ ಎತ್ತು.”

“ಈಗ ಯಾಕಕ್ಕ?”

“ಇನ್ಯಾವಾಗ? ಶನಿವಾರ ಪೆರೇಡು. ನನ್ನದು ಆಯ್ತು, ನೋಡಲ್ಲಿ.” ಮೊಳೆಗೆ ನೇತುಹಾಕಿದ ಹಸಿರು ಬಟ್ಟೆಯನ್ನು ಗದ್ದದಿಂದ ತೋರಿಸಿದಳು. “ನಿಂಗೆ ಈ ನೀಲಿ. ಇಬ್ಬರೂ ಒಂದೇ ಥರ ಹಾಕ್ಕೊಂಡು ಹೋದ್ರೆ ಬ್ಯಾಂಡಿನವರು ಅಂದ್ಕೋತಾರೆ.”

ಟೇಪು ಎದೆಯ ಸುತ್ತ ಬಂತು, ಸೊಂಟದ ಸುತ್ತ ಬಂತು. ಅಕ್ಕನ ಬೆರಳುಗಳು ಯಾವಾಗಲೂ ತಣ್ಣಗೆ.

“ಊದ್ಕೊಂಡಿದ್ದೀಯ. ಊರವರ ಕಾಲು ನೋಡ್ತಾ ಕೂತ್ಕೊಂಡ್ರೆ ಇನ್ನೇನಾಗತ್ತೆ?”

“ನೀನೇನು ಓಡ್ತಾ ಹೊಲೀತೀಯಾ?”

“ನಾನು ಕಾಲಲ್ಲಿ ತುಳೀತೀನಮ್ಮ.” ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. “ಹೇಗಿದ್ದಾಳೆ?”

“ತೆಳ್ಳಗಾಗಿದ್ದಾಳೆ. ಡಬ್ಬಿ ಅರ್ಧ ಅಲ್ಲೇ ಖಾಲಿ ಮಾಡಿದ್ಲು.”

“ಬೆಳಿಗ್ಗೆ ಫೋನ್ ಮಾಡಿದ್ಲು. ಚೆನ್ನಾಗಿದ್ದೀನಿ ಅಂತ ಮೂರು ಸಲ ಅಂದ್ಲು. ಒಂದು ಸಲ ಅಂದಿದ್ರೆ ನಂಬ್ತಿದ್ದೆ.” ಟೇಪು ಭುಜದ ಮೇಲೆ ನಿಂತಿತು. “ಏನಾದ್ರೂ ಇದೆಯೇನೇ?”

ಎದುರಿನ ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಕೈ ಎತ್ತಿ ನಿಂತ ತಂಗಿ, ಬೆನ್ನ ಹಿಂದಿನಿಂದ ಇಣುಕುವ ಅಕ್ಕ. ಒಂದು ಸಲ ಮೆಷಿನ್ನಿನ ಸೂಜಿ ಬೆರಳಿಗೆ ಹೊಕ್ಕಾಗ ಅಕ್ಕ ಬೆರಳಿಗೆ ಚಿಂದಿ ಸುತ್ತಿಕೊಂಡು ಆ ಗಿರಾಕಿಯ ಬಟ್ಟೆಯನ್ನು ಮುಗಿಸಿ ಆಮೇಲೆ ಡಾಕ್ಟರ ಹತ್ತಿರ ಹೋಗಿದ್ದಳು. ಆ ಬೆರಳು ಈಗಲೂ ಪೂರಾ ಮಡಚುವುದಿಲ್ಲ. ಇವಳಿಗೆ ಹೇಳಿದರೆ ಏನೆನ್ನುತ್ತಾಳೆ? ಬುಧವಾರ ಒಂದು ದಿನ ತಾನೇ, ತಡ್ಕೊಳ್ಳಲಿ ಎನ್ನುತ್ತಾಳೆ. ಅಂದ ಮೇಲೆ ಬುಧವಾರ ಏನಾದರೂ ಆದರೆ ಸಾಯುವವರೆಗೆ ಆ ಮಾತನ್ನು ಹೊತ್ತುಕೊಂಡಿರುತ್ತಾಳೆ. ಅಥವಾ, ಬೇಡ, ಡಾಕ್ಟರಿಗೆ ತೋರಿಸು ಎನ್ನುತ್ತಾಳೆ. ಆಗ ಮಗಳು ಅಮ್ಮನ ಮುಖ ನೋಡುವುದಿಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ಅದು ಅಕ್ಕನ ತಲೆಗೆ ಬರುತ್ತದೆ.

“ಸುಸ್ತಾಗಿದ್ದಾಳೆ, ಅಷ್ಟೇ” ಎಂದಳು.

“ನೀನು ಒಳಗಿದ್ದೀಯಲ್ಲ, ನಂಗೆ ಅದೊಂದು ಧೈರ್ಯ. ಅವಳಿಗೆ ಏನಾದ್ರೂ ಆದ್ರೆ ನಿನ್ನ ಕಣ್ಣಿಗೆ ಬೀಳ್ದೆ ಇರಲ್ಲ.”

“ಹೂಂ.”

“ತೋಳು ಎಲ್ಲಿವರೆಗೆ ಇಡ್ಲಿ?”

“ಮೊಣಕೈವರೆಗೆ.”

ಅಕ್ಕ ಅಳತೆಗಳನ್ನು ಬಾಯಲ್ಲೇ ಗುನುಗಿಕೊಳ್ಳುತ್ತ ಮೇಜಿನ ಕಡೆ ನಡೆದಳು. ಎಡಪಾದ ತುಸು ಹೊರಕ್ಕೆ ಒದೆಯಿತು, ನೋವಿಲ್ಲದ, ಗಟ್ಟಿಮುಟ್ಟಾದ, ಅರವತ್ತು ತಲುಪುತ್ತಿದ್ದ ಕಾಲು.

ನಾಳೆ ಬೆಳಿಗ್ಗೆ ಮೂವತ್ತೊಂದು ಎಂದು ಬರೆಯುವುದು ಅವಳಿಗೆ ಆಗಲೇ ತೀರ್ಮಾನವಾಯಿತು. ಮುಂದೆ ಒಂದೇ ಸಾಲು: ಎಡ ಸೊಂಟ, ಇಂದೇ ನೋಡಬೇಕು. ಬೇರೆ ನಂಬರುಗಳಿಗೆ ಬರೆಯುವಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಜರ್‌ಗೆ ಸಂಬಂಧ ಹೇಳುವುದಿಲ್ಲ. ಹೇಳಿದರೆ ಆ ಸಾಲನ್ನು ಬರೆಯುವುದು ಅವಳ ಕೈ ತಪ್ಪಿ ಸ್ಪ್ರಿಂಗ್ ಕೈಗೆ ಹೋಗುತ್ತದೆ. ಮುಂದೊಂದು ದಿನ ಗೊತ್ತಾದರೆ ಕೇಳಲಿ. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಫೋನು ಬರುತ್ತದೆ. ಅವಳು ಬಂದು ಈ ಸ್ಟೂಲಿನ ಮೇಲೆ ಕೂತು, ಏನಾಯ್ತು ಅಕ್ಕ ಎಂದು ಕೇಳುತ್ತಾಳೆ, ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಗುಬ್ಬಿಗೆ ಮಾತ್ರ ಗೊತ್ತಿರುತ್ತದೆ, ನೋಡಿದವಳು ಒಬ್ಬಳೇ ಎಂದು. ಗುಬ್ಬಿ ಅದನ್ನು ಅಮ್ಮನಿಗೆ ಹೇಳಬಹುದು. ತುಂಬಾ ದಿನ ಮಾತು ಬಿಡಬಹುದು, ಅಥವಾ ಶಾಶ್ವತವಾಗಿಯೇ. ಆಗಲೂ ತಾನು ಮೂಳೆಯ ಬಗ್ಗೆ, ಕೆಳಗಿನ ಮಹಡಿಯ ಟೆಲಿಫೋನಿನವಳ ಬಗ್ಗೆ ಮಾತೆತ್ತಿ ಸಮರ್ಥನೆ ಮಾಡಿಕೊಳ್ಳುವುದಿಲ್ಲ. ಹುಡುಗಿ ಎರಡು ಕಾಲಿನ ಮೇಲೆ ನಡೆದು ಬಂದು ಬೈದರೆ ಬೈಸಿಕೊಳ್ಳುವುದು.

ಅಕ್ಕ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೆಗೆದು, ಸೀಮೆಸುಣ್ಣದಿಂದ ಗೆರೆ ಎಳೆದಳು. ಕತ್ತರಿ ಎತ್ತಿಕೊಂಡು ತಿರುಗಿ ನೋಡಿದಳು.

“ಸ್ವಲ್ಪ ಸಡಿಲ ಇಡ್ಲಾ? ಮೂರು ಗಂಟೆ ಬಿಸಿಲಲ್ಲಿ ಕೂರ್ಬೇಕಂತೆ.”

“ಇಡು.”

“ಕತ್ತರಿಸಿದ ಮೇಲೆ ಅದು ಬೇಡ ಇದು ಬೇಡ ಅನ್ನಂಗಿಲ್ಲ.”

“ಅನ್ನಲ್ಲ. ಕತ್ತರಿಸು” ಎಂದಳು ಅವಳು. ಮೇಜಿನ ಆ ಬದಿಗೆ ಹೋಗಿ, ಬಟ್ಟೆ ಜಾರದ ಹಾಗೆ ಎರಡೂ ಕೈಗಳಿಂದ ಅಂಚನ್ನು ಹಿಡಿದುಕೊಂಡಳು.